ಆಟಗಾರರ ಕಂಚಿನ ಮೂರ್ತಿ ಕೂಡಿಸೋದು ಹೆಂಗ? ಮೊದ್ಲ ತಳ ನೋಡ್ರಿ, ಆಮ್ಯಾಲ ಮುಖ

ನಮ್ಮ ಹುಬ್ಬಳ್ಳ್ಯಾಗ ಕಂಚಗಾರ ಗಲ್ಲಿ ಅಂತ ಒಂದು ಓಣಿನೇ ಐತಿ, ಹೆಸರಿನ್ಯಾಗೇ ಕಂಚು ಕೂತೈತಿ. ಆದ್ರೂ ಇಲ್ಲೆ ಯಾರ ಮುಂದರೆ "ನಾ ಕಂಚಿನ ಮೂರ್ತಿ ಕೂಡಸ್ತೀನ್ರೀ" ಅಂದ್ರ ಮೊದ್ಲ ಕೇಳೋದು "ಯಾವ ದೇವ್ರು?" ಅಂತ. ದೇವ್ರಲ್ಲ, ಪೈಲ್ವಾನ್ರು, ಬಾಕ್ಸರ್‌ಗೋಳು, ಓಟಗಾರ್ರು, ಕ್ರಿಕೆಟ್ ಆಡೋರು ಅಂತ ಹೇಳಿದ್ರ ಸ್ವಲ್ಪ ಹೊತ್ತು ಸುಮ್ಮನಾಗಿ ಆಮ್ಯಾಲ "ಅವು ಎಲ್ಲಿ ಸಿಗ್ತಾವು, ಎಷ್ಟಕ್ಕ ಸಿಗ್ತಾವು, ಖರೇ ಕಂಚು ಅಂತ ಹೆಂಗ ಗೊತ್ತಾಗ್ತೈತಿ" ಅಂತ ಒಂದಾದ ಮ್ಯಾಲ ಒಂದು ಪ್ರಶ್ನಿ ಬರ್ತಾವು. ಹನ್ನೊಂದು ವರ್ಷದಿಂದ ಈ ಹುಚ್ಚು ಹಚ್ಚಿಕೊಂಡೀನಿ, ಮನ್ಯಾಗ ಈಗ ಒಂಬತ್ತು ಮೂರ್ತಿ ಅದಾವು, ಒಂದೆರಡು ಕಡೆ ಪೆಟ್ಟೂ ತಿಂದೀನಿ, ಅದಕ್ಕ ಹೊಸದಾಗಿ ಶುರು ಮಾಡೋರು ಯಾವ ಹೆಜ್ಜಿ ಆದ ಮ್ಯಾಲ ಯಾವ ಹೆಜ್ಜಿ ಇಡಬೇಕು ಅನ್ನೋದನ್ನ ಇಲ್ಲೆ ಬರದೀನಿ.

ಮೊದಲನೇ ಹೆಜ್ಜಿ: ನಿಮ್ಮ ಮೈಗೆ ಗೊತ್ತಿರೋ ಆಟ ಒಂದ ಆರಿಸ್ಕೋರಿ

ಎಲ್ಲಾ ಆಟದ್ದೂ ಕೂಡಸ್ತೀನಿ ಅಂತ ಹೊಂಟ್ರ ರೊಕ್ಕನೂ ಹೋಗ್ತೈತಿ, ಕಣ್ಣೂ ತಯಾರಾಗೂದಿಲ್ಲ. ನೀವು ಗರಡಿಮನ್ಯಾಗ ಮಣ್ಣು ಮುಟ್ಟಿದವ್ರಾದ್ರ ಕುಸ್ತಿ ತಗೋರಿ, ಗದಗ-ಬೆಟಗೇರಿ ಕಡೆ ಸೈಕಲ್ ತುಳದವ್ರಾದ್ರ ಸೈಕ್ಲಿಂಗ್ ತಗೋರಿ, ಹಾಕಿ ಹಿಡದವ್ರು ಹಾಕಿ. ಯಾಕಂದ್ರ ಶಿಲ್ಪಿ ಯಾರು, ಯಾವ ವರ್ಷದ್ದು ಅನ್ನೋದೆಲ್ಲ ಓದಿ ಕಲೀಬಹುದು, ಆದ್ರ ಒಬ್ಬ ಆಟಗಾರ ಆ ಕ್ಷಣದಾಗ ಭಾರ ಎಲ್ಲಿ ಹಾಕಿದ್ದ, ಉಸಿರು ಹಿಡದಿದ್ನೋ ಬಿಟ್ಟಿದ್ನೋ ಅನ್ನೋದು ಆಡಿದವ್ರಿಗೆ ನೋಡಿದ ಕೂಡ್ಲೇ ಗೊತ್ತಾಗ್ತೈತಿ. ದೊಡ್ಡ ದೊಡ್ಡ ವ್ಯಾಪಾರಸ್ಥರಿಗೂ ಇಲ್ಲದ ಬಂಡವಾಳ ಅದು.

ಒಂದು ಸಂಗತಿ ಹೇಳ್ತೀನಿ. ಕೆಲವು ವರ್ಷದ ಹಿಂದ ಒಂದು ಜೋಡಿ ಕುಸ್ತಿ ಮೂರ್ತಿ ನನ್ನ ಕಡೆ ಬಂತು, ಒಂದೂವರಿ ಫೂಟ್ ಎತ್ತರ, ಒಬ್ಬಾಂವ ಇನ್ನೊಬ್ಬನ್ನ ಢಾಕ್ ಅನ್ನೋ ಪಟ್ಟು ಹಾಕಿ ಎತ್ತಿ ಒಗೀತಿರೋದು, ಮಾರಾಂವ ಎರಡು ದಿನ ಇಟ್ಕೊಂಡು ನೋಡ್ರಿ ಅಂತ ಕೊಟ್ಟು ಹೋಗಿದ್ದ. ನನಗ ಭಾಳ ಹಿಡಿಸಿತ್ತು, ಬಣ್ಣ ಛಲೋ ಇತ್ತು, ಕೆಳಗ ಸಹಿ ಇತ್ತು, ಸ್ನಾಯು ಎಲ್ಲಾ ಎದ್ದು ಕಾಣ್ತಿದ್ವು. ಆದ್ರೂ ಯಾಕೋ ನಮ್ಮ ಓಣಿ ಗರಡಿಮನಿ ವಸ್ತಾದ್ರಿಗೆ ಒಮ್ಮಿ ತೋರಿಸೋಣ ಅಂತ ಗೋಣಿ ಚೀಲದಾಗ ಸುತ್ತಿಕೊಂಡು ಹೋದೆ. ಅವ್ರು ಕೈಗೆ ಹತ್ತಿದ್ದ ಕೆಮ್ಮಣ್ಣು ಧೋತರಕ್ಕ ಒರಸಿಕೊಂಡು ಮೂರ್ತಿ ಸುತ್ತ ಎರಡು ಸುತ್ತು ಬಂದ್ರು, ಏನೂ ಮಾತಾಡಲಿಲ್ಲ, ಆಮ್ಯಾಲ ಎತ್ತೋ ಪೈಲ್ವಾನನ ಹಿಮ್ಮಡದ ಮ್ಯಾಲ ಬಟ್ಟು ಇಟ್ಟು "ಇವನ ಭಾರ ಇಲ್ಲಿ ಬಿದ್ದೈತಿ ನೋಡು, ಹಿಂಗ ಹಿಮ್ಮಡದ ಮ್ಯಾಲ ನಿಂತಾಂವ ಒಗಿಯಾಂವ ಅಲ್ಲಪಾ, ಬೀಳಾಂವ. ಮತ್ತ ಈ ಕೈ ಕೊಳ್ಳಾಗ ಇನ್ನೂ ಒಳಗ ಹೋಗಬೇಕು, ಇಲ್ಲಂದ್ರ ಎದುರಿನಾಂವ ತಪ್ಪಿಸ್ಕೊಂತಾನ" ಅಂದ್ರು. ಮನಿಗೆ ಬಂದು ಟಾರ್ಚ್ ಹಚ್ಚಿ ಆ ಕೈ ಭುಜಕ್ಕ ಕೂಡೋ ಜಾಗ ನೋಡಿದೆ. ಸುತ್ತೂ ಒಂದು ಸಣ್ಣ ಗೆರಿ, ಅದರ ಕೆಳಗಿನ ಲೋಹದ ಬಣ್ಣ ಬ್ಯಾರೆ, ಮ್ಯಾಲ ಬಣ್ಣ ಹೊಡದು ಮುಚ್ಚಿದ್ರು. ಯಾವುದೋ ಮೂಲ ಮೂರ್ತಿದಿಂದ ಅಚ್ಚು ತಗದು, ಕೈ-ಕಾಲು ಬ್ಯಾರೆ ಬ್ಯಾರೆ ಎರಕ ಹೊಯ್ದು, ವೆಲ್ಡಿಂಗ್ ಮಾಡೋ ಮುಂದ ಕೈ ಒಂದಿಷ್ಟು ಹೊರಗ ಸರದಿತ್ತು, ಇಡೀ ನಿಲುವೇ ಹಿಂದಕ್ಕ ವಾಲಿತ್ತು. ದೊಡ್ಡ ಮೂರ್ತಿಗೋಳನ್ನ ತುಂಡು ತುಂಡಾಗಿ ಎರಕ ಹೊಯ್ದು ಕೂಡಿಸೋದು ಮೋಸ ಅಲ್ಲ, ಮೂಲ ಶಿಲ್ಪಿಗಳೂ ಮಾಡ್ತಾರ, ಆದ್ರ ಅವ್ರು ಕೂಡಿಸಿದ ಮ್ಯಾಲ ಭಾರ ಎಲ್ಲಿ ಬೀಳಬೇಕೋ ಅಲ್ಲೇ ಬಿದ್ದಿರ್ತೈತಿ. ಮೂರ್ತಿ ಹೊಳ್ಳಿ ಕೊಟ್ಟೆ.

ಅದಕ್ಕ ಹೇಳೋದು, ತಗೋಳೋಕಿಂತ ಮೊದ್ಲ ಆ ಆಟ ಆಡಿದ ಒಬ್ಬ ಹಿರಿಯರಿಗೆ ತೋರಿಸ್ರಿ. ಫೋಟೋ ಆದ್ರೂ ನಡೀತೈತಿ, ಆದ್ರ ನಾಕೂ ದಿಕ್ಕಿಂದ ತಗದಿರಬೇಕು.

ಎರಡನೇ ಹೆಜ್ಜಿ: ಛಲೋದು ಹೆಂಗಿರ್ತೈತಿ ಅಂತ ಕಣ್ಣಿಗೆ ರೂಢಿ ಮಾಡಿಸ್ರಿ

ಒಂದು ಆರು ತಿಂಗಳು ಏನೂ ತಗೋಬ್ಯಾಡ್ರಿ, ಬರೇ ನೋಡ್ರಿ. ರೋಮ್‌ನ ಮ್ಯೂಸಿಯಂನಾಗ ಕುಂತ ಬಾಕ್ಸರ್‌ನ ಒಂದು ಪುರಾತನ ಗ್ರೀಕ್ ಕಂಚಿನ ಮೂರ್ತಿ ಐತಿ, 1885ರಾಗ ಕ್ವಿರಿನಾಲ್ ಗುಡ್ಡದ ಮ್ಯಾಲ ಅಗಿಯೋ ಮುಂದ ಸಿಕ್ಕಿದ್ದು, ಅದರ ದೊಡ್ಡ ಫೋಟೋ ತಗದು ಕಿವಿ ನೋಡ್ರಿ. ಏಟು ತಿಂದು ತಿಂದು ಉಬ್ಬಿ ಮುದುಡಿದ ಕಿವಿ, ನಮ್ಮ ಹಳೇ ಪೈಲ್ವಾನ್ರ ಕಿವಿ ಹೆಂಗ ಇರ್ತಾವೋ ಥೇಟ್ ಹಂಗ. ಮಾರಿ ಮ್ಯಾಲಿನ ಗಾಯ, ರಕ್ತದ ಹನಿ ತೋರಸಾಕ ಶಿಲ್ಪಿ ಕಂಚಿನ ಒಳಗ ಕೆಂಪು ತಾಮ್ರ ಕೂಡ್ರಿಸ್ಯಾನ. ಎರಡು ಸಾವಿರ ವರ್ಷಕ್ಕಿಂತ ಹಿಂದಿನ ಮಾತು ಅದು! ನಾನು ಈಗ ಯಾವ ಕುಸ್ತಿ ಮೂರ್ತಿ ಬಂದ್ರೂ ಮೊದ್ಲ ಕಿವಿ ನೋಡ್ತೀನಿ. ಬಜಾರಿನ ಅಗ್ಗದ ಮಾಲಿನ್ಯಾಗ ಮೈ ಪೈಲ್ವಾನಂದು ಇರ್ತೈತಿ, ಕಿವಿ ಮಾತ್ರ ಸಣ್ಣ ಹುಡುಗಂದು.

ಹೊಸ ಕಾಲದಾಗ ಬಂದ್ರ ಆರ್. ಟೇಟ್ ಮೆಕೆಂಜಿ ಅಂತ ಕೆನಡಾದ ಒಬ್ರು (1867-1938), ವೃತ್ತಿಯಿಂದ ಡಾಕ್ಟರ್, ದೈಹಿಕ ಶಿಕ್ಷಣದ ಮಾಸ್ತರ್ರು, ಜೊತಿಗೆ ಶಿಲ್ಪಿ. ಅವ್ರು 1902ರಾಗ ಮಾಡಿದ ಓಟಗಾರ, 1903ರಾಗ ಮಾಡಿದ ಅಥ್ಲೀಟ್ ಮೂರ್ತಿ ಕಾಲೇಜ್ ಹುಡುಗರ ಮೈ ಅಳತಿ ತಗೊಂಡು ಮಾಡಿದ್ದು. ಇನ್ನೊಬ್ರು ಅಮೆರಿಕಾದ ಮಹೋನ್ರಿ ಯಂಗ್, ಬಾಕ್ಸರ್‌ಗೋಳನ್ನ ಕಂಚಿನಾಗ ಹಿಡಿಯೋದ್ರಾಗ ಎತ್ತಿದ ಕೈ. ಇಲ್ಲೆ ಒಂದು ಮಾತು ಗೊತ್ತಿರಲಿ, 1912ರಿಂದ 1948ರ ತನಕ ಒಲಿಂಪಿಕ್ಸ್‌ನ್ಯಾಗ ಆಟದ ಜೊತಿಗೆ ಕಲಾ ಸ್ಪರ್ಧೆನೂ ಇರ್ತಿತ್ತು, ಶಿಲ್ಪಕ್ಕ ಪದಕ ಕೊಡ್ತಿದ್ರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ್ಯಾಗ ಯಂಗ್ ಅವ್ರ ಬಾಕ್ಸಿಂಗ್ ಶಿಲ್ಪಕ್ಕ ಚಿನ್ನ ಬಂತು, ಮೆಕೆಂಜಿಯವ್ರಿಗೆ ಪದಕ-ಉಬ್ಬುಶಿಲ್ಪದ ವಿಭಾಗದಾಗ ಕಂಚು ಬಂತು. ಆ ಕಾಲದ ಆಟದ ಶಿಲ್ಪ ಹುಡುಕೋರಿಗೆ ಈ ಸ್ಪರ್ಧೆಗೋಳ ವಿಜೇತರ ಪಟ್ಟಿನೇ ದೊಡ್ಡ ದಾರಿದೀಪ, ಹೆಸರು ಒಂದೊಂದ ಹಿಡಕೊಂಡು ಹೊಂಟ್ರ ಇನ್ನೂ ಬೆಲಿ ಏರದ ಎಷ್ಟೋ ಶಿಲ್ಪಿಗಳು ಸಿಗ್ತಾರ.

ಈಗಿನ ದೊಡ್ಡ ಸ್ಟೇಡಿಯಂ ಮೂರ್ತಿಗೋಳನ್ನೂ ನೋಡ್ರಿ. ಶಿಕಾಗೋದಾಗ ಬಾಸ್ಕೆಟ್‌ಬಾಲ್‌ನ ಮೈಕಲ್ ಜೋರ್ಡಾನ್ (1994), ಅಡಿಲೇಡ್ ಓವಲ್ ಹೊರಗ ಬ್ರಾಡ್ಮನ್ (2002, ಶಿಲ್ಪಿ ರಾಬರ್ಟ್ ಹ್ಯಾನಫೋರ್ಡ್), ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ಮುಂದ ಫುಟ್‌ಬಾಲ್‌ನ ಬಾಬಿ ಮೂರ್ (2007, ಫಿಲಿಪ್ ಜ್ಯಾಕ್ಸನ್). ಇವನ್ನ ಮನಿಗೆ ತರಾಕ ಆಗೂದಿಲ್ಲ ಖರೆ, ಆದ್ರ ಇಂಥಾ ದೊಡ್ಡ ಮೂರ್ತಿ ಮಾಡೋಕಿಂತ ಮೊದ್ಲ ಶಿಲ್ಪಿಗಳು ಸಣ್ಣ ಮಾದರಿ ಮಾಡ್ತಾರ, ಅದಕ್ಕ ಮಾಕೆಟ್ ಅಂತಾರ, ಅವನ್ನ ಕೆಲವೊಮ್ಮಿ ಎಣಿಸಿದಷ್ಟೇ ಕಂಚಿನಾಗ ಹೊಯ್ದು ಮಾರ್ತಾರ. ದಿಗ್ಗಜ ಆಟಗಾರರ ಅಪರೂಪದ ಕಂಚು ಬೇಕಂದ್ರ ಮಾಕೆಟ್ ಹುಡುಕೋದು ನನ್ನ ಪ್ರಕಾರ ಎಲ್ಲಾದಕ್ಕಿಂತ ಛಲೋ ದಾರಿ, ಯಾಕಂದ್ರ ಅದು ಶಿಲ್ಪಿಯ ಕೈಗೆ ಅತಿ ಹತ್ತಿರ ಇರ್ತೈತಿ.

ವಿದೇಶಕ್ಕ ಹೋಗೋದು ಎಲ್ಲಾರ ಕೈಲಿ ಆಗೂದಿಲ್ಲ, ಅದಕ್ಕ ಇಲ್ಲೇ ಒಂದು ರವಿವಾರ ಗದಗ ಹತ್ರ ಲಕ್ಕುಂಡಿಗೆ ಹೋಗಿ ಗುಡಿಗೋಳ ಮ್ಯಾಲಿನ ಶಿಲ್ಪ ನೋಡ್ರಿ, ಇನ್ನೊಂದು ರವಿವಾರ ಶಿಗ್ಗಾಂವಿ ಹತ್ರ ಗೊಟಗೋಡಿ ರಾಕ್ ಗಾರ್ಡನ್‌ಗೆ ಹೋಗ್ರಿ. ಅಲ್ಲಿ ಇರೋದು ಕಂಚಲ್ಲ, ಆದ್ರ ದುಡಿಯೋ ಮೈ, ಬಗ್ಗಿದ ಬೆನ್ನು, ಭಾರ ಹೊತ್ತ ಕಾಲು ಹೆಂಗ ಇರ್ತಾವು ಅನ್ನೋದು ಹಳ್ಳಿ ಜನರ ಆ ಮೂರ್ತಿಗೋಳ ನಡುವ ಅಡ್ಡಾಡಿದ್ರ ತಿಳೀತೈತಿ.

ಮೂರನೇದು: ಎರಕ ಹೆಂಗ ಹೊಯ್ತಾರ ಅನ್ನೋದು ಸ್ವಲ್ಪರೆ ಗೊತ್ತಿರಬೇಕು

ಇದು ನಮ್ಮ ಮಣ್ಣಿನ ವಿದ್ಯೆ ಅಂತ ಹೇಳಾಕ ನನಗ ಹೆಮ್ಮೆ ಐತಿ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಾಗ ಬರೆದ ಮಾನಸೋಲ್ಲಾಸದೊಳಗ ಮೇಣದ ಅಚ್ಚಿನಿಂದ ಮೂರ್ತಿ ಎರಕ ಹೊಯ್ಯೋ ವಿಧಾನ ಐತಿ, ಅದಕ್ಕ ಮಧೂಚ್ಛಿಷ್ಟ ವಿಧಾನ ಅಂತಾರ. ಅದೇ ಗ್ರಂಥದಾಗ ಮಲ್ಲರ ಕುಸ್ತಿ ಬಗ್ಗೆನೂ ಬರದಾನ. ಕುಸ್ತಿ ಮತ್ತ ಕಂಚು ಎರಡೂ ಒಂದ ರಾಜನ ಒಂದ ಪುಸ್ತಕದಾಗ!

ವಿಧಾನ ಇಷ್ಟ: ಮೇಣದಾಗ ಮೂರ್ತಿ ಮಾಡ್ತಾರ, ಅದರ ಸುತ್ತ ಮಣ್ಣು ಮೆತ್ತತಾರ, ಒಣಗಿಸಿ ಕಾಸತಾರ, ಮೇಣ ಕರಗಿ ಹೊರಗ ಹರಿದು ಹೋಗಿ ಒಳಗ ಖಾಲಿ ಜಾಗ ಉಳೀತೈತಿ, ಆ ಜಾಗಕ್ಕ ಕರಗಿಸಿದ ಕಂಚು ಹೊಯ್ತಾರ, ಆರಿದ ಮ್ಯಾಲ ಮಣ್ಣು ಒಡದು ತಗೀತಾರ. ತಮಿಳುನಾಡಿನ ಸ್ವಾಮಿಮಲೈ ಕಡೆ ದೇವ್ರ ಮೂರ್ತಿ ಹೆಚ್ಚಾಗಿ ಗಟ್ಟಿಯಾಗೇ ಹೊಯ್ತಾರ, ಪಾಶ್ಚಾತ್ಯ ಶಿಲ್ಪದಾಗ ಒಳಗ ಮಣ್ಣಿನ ತಿರುಳು ಇಟ್ಟು ಪೊಳ್ಳಾಗಿ ಹೊಯ್ತಾರ. ಅದಕ್ಕ ಆಟಗಾರರ ಹಳೇ ಮೂರ್ತಿ ಹೊಳ್ಳಿಸಿ ನೋಡಿದ್ರ ಒಳಗ ಪೊಳ್ಳು ಇರ್ತೈತಿ, ಕರ್ರಗ ಒರಟಾಗಿ ಇರ್ತೈತಿ, ಸಂದಿಯಾಗ ಒಂದಿಷ್ಟು ಮಣ್ಣು ಅಂಟಿರ್ತೈತಿ. ಆ ಮಣ್ಣನ್ನ ಕೆರದು ಸ್ವಚ್ಛ ಮಾಡಬ್ಯಾಡ್ರಿ, ಅದು ಸಾಕ್ಷಿ.

ಲೋಹದ ಹೆಸರು ಕಲಸಬ್ಯಾಡ್ರಿ. ತಾಮ್ರಕ್ಕ ತವರ ಕೂಡಿಸಿದ್ರ ಕಂಚು, ಸತು ಕೂಡಿಸಿದ್ರ ಹಿತ್ತಾಳಿ. ಮೂರ್ತಿಯ ಕಂಚಿನ್ಯಾಗ ಸುಮಾರು 90 ಪಾಲು ತಾಮ್ರ, 10 ಪಾಲು ತವರ. ಊಟದ ಕಂಚಿನ ತಾಟಿನ್ಯಾಗ ತವರ ಜಾಸ್ತಿ, 20ರ ಮ್ಯಾಲ, ಅದಕ್ಕೇ ಅದು ಬಿದ್ರ ಒಡೀತೈತಿ. ಈಗಿನ ಶಿಲ್ಪಿಗಳು ಭಾಳ ಮಂದಿ ತವರದ ಬದ್ಲಿ ಸಿಲಿಕಾನ್ ಹಾಕಿದ ಕಂಚು ಬಳಸ್ತಾರ, ಅದೂ ಮೋಸ ಅಲ್ಲ. ಆದ್ರ ಬಜಾರಿನ್ಯಾಗ "ಬ್ರಾಂಜ್" ಅಂತ ಮಾರೋದ್ರಾಗ ಭಾಳಷ್ಟು ಹಿತ್ತಾಳಿಗೆ ಕಂದು ಬಣ್ಣ ಹೊಡದಿದ್ದು.

ನಾಲ್ಕನೇ ಹೆಜ್ಜಿ: ಹೊಳ್ಳಿಸಿ ತಳ ನೋಡ್ರಿ

ಇಡೀ ಲೇಖನದಾಗ ಒಂದ ಮಾತು ನೆನಪಿಡ್ತೀರಿ ಅಂದ್ರ ಇದನ್ನ ನೆನಪಿಡ್ರಿ. ನಾನು ಮೊದಲ್ನೇ ವರ್ಷ ಒಬ್ಬ ಬಾಕ್ಸರ್‌ನ ಮೂರ್ತಿ 18 ಸಾವಿರ ಕೊಟ್ಟು ತಂದಿದ್ದೆ. ಎತ್ತಿದ್ರ ಜಡ ಇತ್ತು, ತಳಕ್ಕ ಹಸಿರು ಮಕಮಲ್ಲು ಅಂಟಿಸಿದ್ರು, "ಟೇಬಲ್‌ಗೆ ಗೀರು ಬೀಳಬಾರ್ದು ಅಂತ ಹಾಕೀವಿ" ಅಂದ್ರು, ನಂಬಿದೆ. ಒಂದು ಬ್ಯಾಸಿಗಿ ಕಳದ ಮ್ಯಾಲ ಮಕಮಲ್ಲಿನ ಮೂಲಿ ಎದ್ದಿತು, ಜಗ್ಗಿ ನೋಡಿದ್ರ ಒಳಗ ಸಿಮೆಂಟು. ಮ್ಯಾಲಿಂದು ರೆಸಿನ್, ಅಂದ್ರ ಗಟ್ಟಿಯಾಗೋ ಪ್ಲಾಸ್ಟಿಕ್ ಅಂಟು, ಅದರಾಗ ಕಂಚಿನ ಪುಡಿ ಕಲಸಿದ್ದು, ಜಡ ಬರಲಿ ಅಂತ ಹೊಟ್ಟಿ ತುಂಬ ಸಿಮೆಂಟ್ ತುಂಬಿದ್ರು. ಎರಡು ರಾತ್ರಿ ನಿದ್ದಿ ಬರಲಿಲ್ಲ. ಇಂಥಾ ಮಾಲಿಗೆ "ಕೋಲ್ಡ್ ಕಾಸ್ಟ್ ಬ್ರಾಂಜ್" ಅಂತ ಚಂದದ ಹೆಸರು ಇಟ್ಟಿರ್ತಾರ, ಆ ಮಾತು ಕೇಳಿದ್ರ ಅದು ಎರಕದ ಕಂಚಲ್ಲ ಅಂತ ತಿಳೀರಿ. ತಳಕ್ಕ ಬಟ್ಟಿ ಅಂಟಿಸಿದ್ದು ಇದ್ರ ತಗದು ತೋರಸ್ರಿ ಅಂತ ಕೇಳ್ರಿ, ಒಲ್ಲೆ ಅಂದ್ರ ಎದ್ದು ಬರ್ರಿ.

ಪರೀಕ್ಷೆ ಹಿಂಗ ಮಾಡ್ರಿ. ಮೊದ್ಲ ಕೈ ಇಡ್ರಿ, ಲೋಹ ತಣ್ಣಗ ಹತ್ತತೈತಿ, ರೆಸಿನ್ ಲಗೂನ ಬೆಚ್ಚಗಾಗ್ತೈತಿ. ಬಟ್ಟಿನ ಗೆಣ್ಣಿನಿಂದ ಬಡೀರಿ, ಪೊಳ್ಳು ಕಂಚು ಗಂಟಿ ಹಂಗ ಸಣ್ಣಗ ನುಡೀತೈತಿ, ರೆಸಿನ್ ಡಬ್ ಅಂತೈತಿ. ಆಯಸ್ಕಾಂತ ಹಿಡೀರಿ, ಅಂಟಿದ್ರ ಕಬ್ಬಿಣ. ಅಂಟಲಿಲ್ಲ ಅಂದ ಮಾತ್ರಕ್ಕ ಕಂಚು ಅಂತ ಕುಣೀಬ್ಯಾಡ್ರಿ, ಸತುವೂ ಅಂಟೂದಿಲ್ಲ, ಹಿತ್ತಾಳಿನೂ ಅಂಟೂದಿಲ್ಲ. ಹಳೇ ಯುರೋಪಿನ ಅಗ್ಗದ ಮೂರ್ತಿಗೋಳು ಸತುವಿಂದು ಇರ್ತಾವು, ಅದಕ್ಕ ಸ್ಪೆಲ್ಟರ್ ಅಂತಾರ. ತಳದ ಅಂಚಿನ್ಯಾಗ ಕಾಣದ ಕಡೆ ಮಾಲೀಕರ ಒಪ್ಪಿಗಿ ತಗೊಂಡು ಸೂಜಿಯಿಂದ ಒಂದು ಸಣ್ಣ ಗೀರು ಹಾಕ್ರಿ. ಒಳಗ ಬಂಗಾರದ ಹಂಗ ಹಳದಿ-ಕೆಂಪು ಕಂಡ್ರ ಕಂಚು ಇಲ್ಲಾ ಹಿತ್ತಾಳಿ, ಬೆಳ್ಳಗ ಬೂದಿ ಬಣ್ಣ ಕಂಡ್ರ ಸ್ಪೆಲ್ಟರ್. ನಮ್ಮ ಕಡೆ ಹಳೇ ಕ್ಲಬ್ಬಿನ ಟ್ರೋಫಿ ಮ್ಯಾಲಿನ ಆಟಗಾರನ ಗೊಂಬಿ ಸಿಕ್ಕಾಗ ಕಂಚು ಅಂತ ಹಿಗ್ಗತಾರ, ಹೆಚ್ಚಿನವು ಇಂಥಾ ಬಿಳೀ ಲೋಹಕ್ಕ ಮ್ಯಾಲ ಪಾಲಿಶ್ ಕೊಟ್ಟಿದ್ದು. ನೆನಪಿಗೆ ಇಟ್ಕೋರಿ, ಕಂಚಿನ ರೇಟ್ ಕೊಡಬ್ಯಾಡ್ರಿ.

ಸಣ್ಣ ಮೂರ್ತಿ ಆದ್ರ, ಕೆಳಗ ಕಲ್ಲಿನ ಪೀಠ ಇಲ್ಲ ಅಂದ್ರ, ನೀರಿನ ಪರೀಕ್ಷೆ ಎಲ್ಲಾದಕ್ಕಿಂತ ಖಾತ್ರಿ. ಕೊಕ್ಕಿ ಇರೋ ತೂಕದ ಕಾಟಾಕ್ಕ ದಾರ ಕಟ್ಟಿ ತೂಗ್ರಿ, 4.4 ಕಿಲೋ ಬಂತು ಅಂತ ಇಟ್ಕೋರಿ. ಹಂಗ ಬಕೆಟ್ಟಿನ ನೀರಾಗ ಪೂರ್ತಿ ಮುಳಗಿಸಿ, ಒಳಗ ಗಾಳಿ ಉಳೀದಂಗ ವಾಲಿಸಿ, ಹೊಳ್ಳಿ ತೂಗ್ರಿ, 3.9 ಬಂತು ಅನ್ರಿ. ಕಮ್ಮಿ ಆಗಿದ್ದು ಅರ್ಧ ಕಿಲೋ. 4.4ನ್ನ 0.5ರಿಂದ ಭಾಗಿಸಿದ್ರ 8.8, ಅಂದ್ರ ನೀರಿಗಿಂತ 8.8 ಪಟ್ಟು ಜಡ. ಕಂಚಿಂದು 8.7, 8.8ರ ಆಜುಬಾಜು ಬರ್ತೈತಿ, ಸತುವಿಂದು 7ರ ಹತ್ರ, ರೆಸಿನ್ ಇದ್ರ ಎರಡೋ ಮೂರೋ. ಹಿತ್ತಾಳಿ 8.5ರ ಹತ್ರ ಬರೋದ್ರಿಂದ ಕಂಚು-ಹಿತ್ತಾಳಿ ನಡುವ ಇದು ಪಕ್ಕಾ ಹೇಳೂದಿಲ್ಲ. ನಳದ ಇಲ್ಲಾ ಬೋರ್ ನೀರು ಬಳಸಬ್ಯಾಡ್ರಿ, ಅದರಾಗಿನ ಕ್ಲೋರೈಡ್ ಕಂಚಿಗೆ ವೈರಿ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ತಗೋರಿ, ಆದ ಕೂಡ್ಲೇ ಒರಸಿ ಒಣಗಿಸ್ರಿ.

ಕಂಚೋ ಹಿತ್ತಾಳ್ಯೋ ಅನ್ನೋ ಸಂಶಯ ಉಳದ್ರ ಸರಾಫರ ಅಂಗಡ್ಯಾಗ ಬಂಗಾರ ಪರೀಕ್ಷೆ ಮಾಡೋ ಮಷಿನ್ ಇರ್ತೈತಲ್ಲ, ಕ್ಯಾರಟ್ ಮೀಟರ್, ಅದರ ಕೆಳಗ ತಳದ ಗೀರು ಹಾಕಿದ ಜಾಗ ಹಿಡಿಸ್ರಿ. ಅದು ಮ್ಯಾಲಿನ ಪದರ ಮಾತ್ರ ಓದ್ತೈತಿ, ಬಣ್ಣದ ಮ್ಯಾಲ ಹಿಡದ್ರ ಸುಳ್ಳು ಹೇಳ್ತೈತಿ. ಸತು ಶೇ. 30ರ ಆಸುಪಾಸು ತೋರಿಸಿದ್ರ ಹಿತ್ತಾಳಿ. ಬರೇ ತಾಮ್ರ ಅಂತ ತೋರಿಸಿದ್ರ ಸಿಲಿಕಾನ್ ಕಂಚು ಇರಬಹುದು, ಸಿಲಿಕಾನ್ ಆ ಮಷಿನ್ನಿಗೆ ಸರಿಯಾಗಿ ಸಿಗೂದಿಲ್ಲ. ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನ್ಯಾಗ ಕೆಲಸ ಮಾಡಿದ ಕಾಕಾಗೋಳು ನಿಮ್ಮ ಓಣ್ಯಾಗ ಇದ್ರ ಅವ್ರನ್ನೂ ಕರೀರಿ, ಗನ್‌ಮೆಟಲ್ (ಅದೂ ಒಂದು ಥರದ ಕಂಚು) ಬುಶ್ ದಿನಾ ಕೈಯಾಗ ಹಿಡದವ್ರಿಗೆ ಲೋಹದ ಬಣ್ಣ ನೋಡಿದ್ರ ಸಾಕು.

ಐದನೇ ಹೆಜ್ಜಿ: "ಅಪರೂಪ" ಅನ್ನೋ ಮಾತಿಗೆ ಲೆಕ್ಕ ಕೇಳ್ರಿ

ಎಲ್ಲಾ ಮಾರೋರೂ ರೇರ್ ಅಂತಾರ. ನೀವು ಕೇಳಬೇಕಾದ್ದು: ಒಟ್ಟು ಎಷ್ಟು ಹೊಯ್ದಾರ, ಇದು ಎಷ್ಟನೇದು, ಶಿಲ್ಪಿ ಬದುಕಿದ್ದಾಗ ಹೊಯ್ದಿದ್ದೋ ಸತ್ತ ಮ್ಯಾಲೋ, ಯಾವ ಎರಕದ ಕಾರ್ಖಾನ್ಯಾಗ. ತಳದ ಅಂಚಿನ್ಯಾಗ 3/8 ಅಂತ ಇದ್ರ ಎಂಟರಾಗ ಮೂರನೇದು. ಫ್ರಾನ್ಸ್‌ನ ಕಾಯ್ದೆ ಪ್ರಕಾರ ಮೂಲ ಕಂಚು ಅನ್ನಿಸ್ಕೋಬೇಕಂದ್ರ ಒಟ್ಟು 12ಕ್ಕಿಂತ ಜಾಸ್ತಿ ಹೊಯ್ಯಂಗಿಲ್ಲ, 8 ನಂಬರ್ ಹಾಕಿದ್ದು, 4 ಶಿಲ್ಪಿಯ ಸ್ವಂತದ್ದು. ಬ್ಯಾರೆ ದೇಶದಾಗ ನೂರು, ಇನ್ನೂರು, ಐನೂರು ಹೊಯ್ಯೋರೂ ಅದಾರ, ನಂಬರ್ ಇದ್ದ ಮಾತ್ರಕ್ಕ ಅಪರೂಪ ಆಗೂದಿಲ್ಲ.

ಇನ್ನ ಕಾಪಿ ಹಿಡಿಯೋದು. ಮೂಲ ಮೂರ್ತಿ ಮ್ಯಾಲೇ ಅಚ್ಚು ತಗದು ಹೊಸದು ಹೊಯ್ದ್ರ ಆ ಹೊಸದು ಮೂಲಕ್ಕಿಂತ ಸ್ವಲ್ಪ ಸಣ್ಣದು ಬರ್ತೈತಿ, ಯಾಕಂದ್ರ ಕರಗಿದ ಕಂಚು ಆರೋ ಮುಂದ ಶೇ. 1.5ರಿಂದ 2ರಷ್ಟು ಕುಗ್ಗತೈತಿ. 50 ಸೆಂಟಿಮೀಟರ್ ಮೂರ್ತ್ಯಾಗ ಹತ್ತಿರ ಹತ್ತಿರ ಒಂದು ಸೆಂಟಿಮೀಟರ್. ಅದಕ್ಕ ಮ್ಯೂಸಿಯಂ ಇಲ್ಲಾ ಹರಾಜಿನ ಕ್ಯಾಟಲಾಗಿನ್ಯಾಗ ಕೊಟ್ಟ ಅಳತಿ ಬರಕೊಂಡು ಹೋಗ್ರಿ, ಸ್ಟೀಲ್ ಟೇಪ್ ಹಚ್ಚಿ ನೋಡ್ರಿ, ಪೀಠ ಬಿಟ್ಟು ಮೂರ್ತಿ ಅಷ್ಟ ಅಳೀರಿ. ಕಾಪ್ಯಾಗ ಕಣ್ಣಿನ ರೆಪ್ಪಿ, ಉಗುರು, ಬೂಟಿನ ಲೇಸು ಮಂದಾಗಿರ್ತಾವು, ಸಹಿ ತೇಲಿದಂಗ ಇರ್ತೈತಿ. ಅಮೆರಿಕಾದ ಫ್ರೆಡ್ರಿಕ್ ರೆಮಿಂಗ್ಟನ್ ಅವ್ರ 1895ರ ಕುದುರಿ ಪಳಗಿಸೋ ಸವಾರನ ಮೂರ್ತಿಯ ಕಾಪಿ ಲೋಕದ ತುಂಬ ಅದಾವು, ಸಹಿ ಸಮೇತ. ಸಹಿ ನಂಬಿ ರೊಕ್ಕ ಕೊಡಬ್ಯಾಡ್ರಿ. ತಳದಾಗ ಸ್ಕ್ರೂ ಇದ್ರ ಅದನ್ನೂ ನೋಡ್ರಿ, ಪ್ಲಸ್ ತಲಿ ಸ್ಕ್ರೂ ಬಂದಿದ್ದೇ 1930ರ ದಶಕದಾಗ, 1905ರ ಮೂರ್ತಿ ಅಂತ ಹೇಳಿ ಪ್ಲಸ್ ಸ್ಕ್ರೂ ಇದ್ರ ಯಾಕ ಅಂತ ಕೇಳ್ರಿ. ರಿಪೇರಿ ಮಾಡಿದ್ದೂ ಇರಬಹುದು, ಆದ್ರ ಉತ್ತರ ಬೇಕು.

ಆರನೇದು: ರೊಕ್ಕ, ಕಾಗದ, ಕಾಯ್ದೆ

ಹರಾಜಿನ್ಯಾಗ ಒಂದು ಲಕ್ಷಕ್ಕ ಕೂಗಿದ್ರ ಒಂದು ಲಕ್ಷಕ್ಕ ಮುಗೀತು ಅಂತ ಅನ್ಕೋಬ್ಯಾಡ್ರಿ. ಹರಾಜಿನವರ ಪ್ರೀಮಿಯಂ ಶೇ. 25 ಅಂತ ಹಿಡದ್ರ 1,25,000, ಅದರ ಮ್ಯಾಲ ಪ್ಯಾಕಿಂಗು, ಸಾಗಾಟ, ಇನ್ಶೂರೆನ್ಸು, ಹೊರಗಿಂದ ಬಂದ್ರ ಕಸ್ಟಮ್ಸ್ ಸುಂಕ, ಜಿಎಸ್‌ಟಿ. ಕಂಚು ಜಡ ಇರೋದ್ರಿಂದ ಸಾಗಾಟದ ಖರ್ಚೇ ಕೆಲವೊಮ್ಮಿ ಮೂರ್ತಿ ಬೆಲಿಯಷ್ಟು ಆಗ್ತೈತಿ. ಕೂಗೋಕಿಂತ ಮೊದ್ಲ ಕಸ್ಟಮ್ಸ್ ಏಜೆಂಟರ ಹತ್ರ ಸುಂಕ ಎಷ್ಟು ಅಂತ ಬರಹದಾಗ ತಗೋರಿ.

ಬಜೆಟ್ ಸಣ್ಣದಿದ್ರ ಮೂರ್ತಿ ಬದ್ಲಿ ಕಂಚಿನ ಪದಕ, ಉಬ್ಬುಫಲಕದಿಂದ ಶುರು ಮಾಡ್ರಿ. ಅದೇ ಶಿಲ್ಪಿಗಳ ಕೈ ಇರ್ತೈತಿ, ಅಂಚೆಯಾಗ ಬರ್ತೈತಿ, ಕಪಾಟಿನ್ಯಾಗ ಕೂಡ್ತೈತಿ. ಮೆಕೆಂಜಿಯವ್ರು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ಗೆ ಮಾಡಿದ ಮೂವರು ಹರ್ಡಲ್ಸ್ ಓಟಗಾರರ ದುಂಡು ಫಲಕದ ಚಿತ್ರ ನೋಡ್ರಿ, ಒಂದು ಫಲಕದಾಗ ಎಷ್ಟು ಓಟ ಹಿಡಿಸಬಹುದು ಅಂತ ತಿಳೀತೈತಿ.

ಕಾಯ್ದೆದು ಎರಡು ಮಾತು ಕಡ್ಡಾಯ. ನೂರು ವರ್ಷ ದಾಟಿದ ಶಿಲ್ಪಕ್ಕ 1972ರ ಪುರಾತನ ವಸ್ತುಗಳ ಕಾಯ್ದೆ ಹತ್ತತೈತಿ, ನೋಂದಣಿ ಬೇಕಾಗ್ತೈತಿ, ಮಾರೋರಿಗೆ ಲೈಸೆನ್ಸ್ ಬೇಕು, ಖಾಸಗಿಯವ್ರು ಅದನ್ನ ದೇಶದ ಹೊರಗ ಕಳಸಂಗಿಲ್ಲ. ತಗೋಳೋಕಿಂತ ಮೊದ್ಲ ಪುರಾತತ್ವ ಇಲಾಖ್ಯಾಗ ಕೇಳ್ರಿ. ಯಾರರೆ ಹಳೇ ಮಲ್ಲನ ಮೂರ್ತಿ, ಗುಡ್ಯಾಗಿಂದು, ಹೊಲದಾಗ ಸಿಕ್ಕಿದ್ದು ಅಂತ ಗುಟ್ಟಾಗಿ ತಂದ್ರ ಮುಟ್ಟಬ್ಯಾಡ್ರಿ, ಅದು ಊರಿನ ಸೊತ್ತು. ಎರಡನೇದು, 1920-30ರ ಕೆಲವು ಯುರೋಪಿನ ಮೂರ್ತಿಗೋಳಿಗೆ ಮಾರಿ, ಕೈ ಆನಿ ದಂತದ್ದು ಇರ್ತಾವು. ನಮ್ಮ ದೇಶದಾಗ ದಂತದ ವ್ಯಾಪಾರ ಬಂದ್, ಎಷ್ಟ ಚಂದ ಇದ್ರೂ ಬ್ಯಾಡ.

ಬಿಲ್ಲು, ಹಿಂದಿನ ಮಾಲೀಕರ ಹೆಸರು, ಹಳೇ ಫೋಟೋ, ಶಿಲ್ಪಿಯ ಪತ್ರ, ಏನ ಇದ್ರೂ ಮೂರ್ತಿ ಜೊತಿಗೇ ತಗೋರಿ. ಆಮ್ಯಾಲ ಕಳಸ್ತೀನಿ ಅಂದಿದ್ದು ನನಗ ಒಮ್ಮಿನೂ ಬಂದಿಲ್ಲ.

ಏಳನೇದು: ಸಿಗದಿದ್ರ ಮಾಡಿಸ್ರಿ

ನಮ್ಮ ಆಟಗಾರರ ಕಂಚು ಹುಡುಕಾಕ ಹೋದ್ರ ಹೊಟ್ಟಿ ಉರೀತೈತಿ. 1952ರ ಹೆಲ್ಸಿಂಕಿಯಾಗ ಕುಸ್ತಿಗೆ ಕಂಚಿನ ಪದಕ ತಂದ ಖಾಶಾಬಾ ಜಾಧವ್ ನಮ್ಮ ಪಕ್ಕದ ಸಾತಾರಾ ಜಿಲ್ಲಾದವ್ರು. ನಮ್ಮ ಗದುಗಿನ ಸುನೀಲ್ ಜೋಶಿ 1999ರಾಗ ನೈರೋಬಿಯಾಗ ದಕ್ಷಿಣ ಆಫ್ರಿಕಾ ಮ್ಯಾಲ 10 ಓವರ್, 6 ಮೇಡನ್, 6 ರನ್, 5 ವಿಕೆಟ್ ತಗದವ್ರು. ಎಡಗೈ ಮ್ಯಾಲ ಹೋಗಿ, ಬಲಗಾಲು ನೆಲಕ್ಕ ಊರಿ, ಚೆಂಡು ಇನ್ನೂ ಬಟ್ಟಿನ ತುದ್ಯಾಗ ಇರೋ ಆ ಗಳಿಗಿ ಕಂಚಿನಾಗ ನೋಡಬೇಕು ಅಂತ ನನಗ ಭಾಳ ದಿನದ ಆಸೆ.

ಮಾಡಸೋದಾದ್ರ ಧಾರವಾಡ, ಗದಗ ಕಡೆ ಚಿತ್ರಕಲಾ ಶಾಲ್ಯಾಗ ಕಲಿತ ಶಿಲ್ಪಿಗಳು ಅದಾರ, ಅವ್ರ ಹತ್ರ ಮೊದ್ಲ ಮಣ್ಣಿನ ಮಾದರಿ ಮಾಡಿಸ್ರಿ. ಆಟಗಾರರು ಇದ್ರ ಅವ್ರ ಒಪ್ಪಿಗಿ ಬರಹದಾಗ ತಗೋರಿ, ಇಲ್ಲಂದ್ರ ಮನಿಯವ್ರದ್ದು. ಒಪ್ಪಂದದಾಗ ಎಷ್ಟು ಹೊಯ್ಯೋದು, ಯಾವ ಲೋಹ, ಆಮ್ಯಾಲ ಅಚ್ಚು ಏನ ಮಾಡೋದು ಅನ್ನೋದು ಬರಸ್ರಿ, ಅಚ್ಚು ಒಡೀದಿದ್ರ ನಿಮ್ಮ ಐದನೇದು ಯಾವಾಗ ಐವತ್ತನೇದಾಗ್ತೈತೋ ಹೇಳಾಕ ಬರೂದಿಲ್ಲ. ಮಣ್ಣಿನ ಮಾದರಿ ಇರೋ ಮುಂದನೇ ಆ ಆಟದ ಕೋಚ್‌ಗೆ ತೋರಿಸ್ರಿ, ಮಣ್ಣಿನ್ಯಾಗ ಕೈ ಸರಸಬಹುದು, ಕಂಚಿನ್ಯಾಗ ಆಗೂದಿಲ್ಲ.

ಎಂಟನೇದು: ಮನಿಗೆ ತಂದ ಮ್ಯಾಲ

ಎತ್ತೋ ಮುಂದ ಕೈ, ಬ್ಯಾಟು, ಗದಿ ಹಿಡಕೊಂಡು ಎತ್ತಬ್ಯಾಡ್ರಿ, ತಳಕ್ಕ ಎರಡೂ ಕೈ ಹಾಕ್ರಿ. ಬೆವರು ಕೈ ಮುಟ್ಟಿದ ಗುರ್ತು ಕಂಚಿನ ಮ್ಯಾಲ ಉಳೀತಾವು, ಕೈ ತೊಳದು ಒರಸಿಕೊಂಡು ಮುಟ್ರಿ. ಧಾರವಾಡದ ಜಿಟಿಜಿಟಿ ಮಳಿಯಾಗ ಗ್ವಾಡಿನೇ ಬೆವರ್ತಾವು, ಅಂಥಾ ಮನ್ಯಾಗ ಮೂರ್ತಿ ಹೊರಗಿನ ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ, ಗಾಜಿನ ಕಪಾಟ ಇದ್ರ ಒಳಗ ಸಿಲಿಕಾ ಜೆಲ್ ಇಡ್ರಿ. ಹೊಸ ಪ್ಲೈವುಡ್ ಕಪಾಟಿನ ಘಾಟು ಹೋಗೋತನಕ ಒಳಗ ಇಡಬ್ಯಾಡ್ರಿ. ಎಲ್ಲಿಯಾದ್ರೂ ತಿಳಿ ಹಸಿರು ಪುಡಿ ಉದುರಾಕ ಹತ್ತಿದ್ರ ಅದು ಕಂಚಿನ ರೋಗ, ಕ್ಲೋರೈಡಿಂದ ಬರೋದು, ಆ ಮೂರ್ತಿ ಬ್ಯಾರೆ ಮಾಡಿ ಒಣಾ ಜಾಗದಾಗ ಇಟ್ಟು ಗೊತ್ತಿದ್ದವ್ರಿಗೆ ತೋರಿಸ್ರಿ. ಗಟ್ಟಿಯಾಗಿ ಕೂತ ಹಸಿರು ಬ್ಯಾರೆ, ಅದು ಬಣ್ಣ, ಅದಕ್ಕ ಅಂಜಬ್ಯಾಡ್ರಿ.

ವರ್ಷಕ್ಕೊಮ್ಮಿ ಮೇಣ ಹಚ್ಚಿದ್ರ ಸಾಕು. ಮೈಕ್ರೋಕ್ರಿಸ್ಟಲೈನ್ ವ್ಯಾಕ್ಸ್ ಅಂತ ಡಬ್ಬಿ ಸಿಗ್ತೈತಿ, ಮೆತ್ತನ ಬ್ರಶ್‌ನಿಂದ ಧೂಳು ಝಾಡಿಸಿ, ತೆಳ್ಳಗ ಮೇಣ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಹಳೇ ಧೋತರದ ಅರಿವಿಯಿಂದ ಒರಸ್ರಿ. ಆಯುಧ ಪೂಜಿಗೆ ಅರಿಷಿಣ-ಕುಂಕುಮ ಹಚ್ಚಬೇಕಂದ್ರ ಮುಂದ ಒಂದು ಎಲಿ ಇಟ್ಟು ಅದಕ್ಕ ಹಚ್ಚರಿ.

ಪ್ರತಿ ಮೂರ್ತಿಗೂ ನೋಟ್‌ಬುಕ್ಕಿನ್ಯಾಗ ಒಂದು ಪುಟ ಇಡ್ರಿ: ಅಳತಿ, ತೂಕ, ಸಹಿಯ ಫೋಟೋ, ಯಾರಿಂದ ಯಾವಾಗ ಎಷ್ಟಕ್ಕ ತಂದ್ರಿ, ಆಮ್ಯಾಲ ಅದಕ್ಕ ಏನೇನ ಆತು. ಬ್ಯಾರೆಯವ್ರ ಕೈಗೆ ಹೋಗೋ ಮುಂದ ಈ ಪುಟನೂ ಜೊತಿಗೆ ಹೋಗಬೇಕು. ನನ್ನ ಹತ್ರ ಓಟಕ್ಕ ಬಗ್ಗಿ ನಿಂತ ಹುಡುಗನ ಒಂದು ಸಣ್ಣ ಕಂಚು ಐತಿ, ಕಡು ಕಂದು ಬಣ್ಣ. ಒಂದು ದೀಪಾವಳಿ ಮುಂದ ನಾನು ಊರಾಗ ಇರಲಿಲ್ಲ, ಅವ್ವ ಮನ್ಯಾಗಿನ ಸಮೆ, ತಂಬಿಗಿ ಎಲ್ಲಾ ಹುಣಸಿಹಣ್ಣು ಹಚ್ಚಿ ಬೆಳಗೋ ಮುಂದ ಇವನೂ ಕರ್ರಗ ಆಗ್ಯಾನ ಅಂತ ಪ್ರೀತಿಯಿಂದ ಎಡಗಾಲಿಂದ ತಿಕ್ಕಾಕ ಶುರು ಮಾಡ್ಯಾಳ. ಮೊಣಕಾಲ ತನಕ ಬರೋದ್ರಾಗ ನಾ ಬಂದೆ. ಹುಣಸಿಯ ಹುಳಿಗೆ ಆ ಬಣ್ಣ ಪೂರ್ತಿ ಹೋಗಿ ಕಾಲು ಹಳದಿ ಆಗಿತ್ತು. ಹೊಸದಾಗಿ ಬಣ್ಣ ಕಟ್ಟಿಸಬಹುದಿತ್ತು, ಕಟ್ಟಿಸಿಲ್ಲ. ಅವನ ಪುಟದಾಗ ಅಳತಿ, ತೂಕ, ಸಹಿ ಆದ ಮ್ಯಾಲ ಕೊನೀ ಸಾಲು ಹಿಂಗೈತಿ: ಎಡಗಾಲು, ಮೊಣಕಾಲ ಕೆಳಗ ಬಣ್ಣ ಇಲ್ಲ, ದೀಪಾವಳಿಗೆ ಅವ್ವ ಬೆಳಗಿದ್ದು.